ಕುಮಾರಿ ಕೊರ್ನೇಲಿಯಾ ಸೊರಾಬ್ಜಿಯ ವಿದ್ಯಾರ್ಥಿದೆಶೆ

ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಅಲ್ಪಕಾಲದಲ್ಲಿಯೇ ಪದವಿಯನ್ನು ಪಡೆಯುವದು ಲೋಕರೂಢಿ. ತೇರ್ಗಡೆಯಾದ ಮೇಲೆಯೂ ಪದವಿಗೋಸ್ಕರ ಮೂವತ್ತು ವರುಷ ಕಾದುಕೊಂಡಿದ್ದ ಒಬ್ಬ ವಿದ್ಯಾರ್ಥಿನಿಯ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುತ್ತೇವೆ. ಆಕೆಯ ಬಾಲ್ಯದ ಮೊದಲ ವರುಷಗಳು ಕನ್ನಡನಾಡಿನ ಬೆಳಗಾವಿಯಲ್ಲಿ ಕಳೆದವೆಂಬದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಕೊರ್ನೇಲಿಯಾ ಸೊರಾಬ್ಜಿಯು ೧೮೬೬ನೆಯ ಇಸವಿ ನವೆಂಬರ್ ೧೫ರಂದು ನಾಶಿಕದಲ್ಲಿ ಜನಿಸಿದಳು. ತಂದೆಯಾದ ರೆವರೆಂಡ್ ಸೊರಾಬ್ಜಿ ಖರ್ಸೇದ್‌ಜಿಯವರು ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತಧರ್ಮವನ್ನು ಅವಲಂಬಿಸಿದವರು. ತಾಯಿಯಾದ ಫ್ರಾನ್ಸಿನಾ ಅಮ್ಮನವರು ಆಂಗ್ಲ ದಂಪತಿಗಳ ಸಾಕುಮಗಳಾಗಿ ಬೆಳೆದು, ಮುಂದೆ ಪುಣೆಯಲ್ಲಿ ವಿಕ್ಟೋರಿಯಾ ಹೈಸ್ಕೂಲನ್ನು ಸ್ಥಾಪಿಸಿದರು. ಬಾಲಿಕೆಯು ಇನ್ನೂ ಚಿಕ್ಕವಳಿರುವಾಗ ಒಬ್ಬ ಗೋಷಾ ಸ್ತ್ರೀಯು ಆ ಮನೆಗೆ ಬಂದು, ತನ್ನ ಕಾರಭಾರಿಯು ಆಸ್ತಿಯನ್ನೆಲ್ಲ ಅಪಹರಿಸಿದನೆಂದೂ ಪರಪುರುಷರ ಎದುರಿಗೆ ಬರಕೂಡದ ತನಗೆ ವಕೀಲರ ಬಳಿ ಹೋಗುವ ದಾರಿಯೇ ಇಲ್ಲವೆಂದೂ ಕಣ್ಣೀರಿಟ್ಟಳು. ಇಂಥವರಿಗೆ ನೆರವಾಗಬೇಕೆಂಬ ಮನಸ್ಸಿದ್ದರೆ ನ್ಯಾಯಶಾಸ್ತ್ರವನ್ನು ಕಲಿಯಬೇಕೆಂದು ತಾಯಿಯು ಆಗ ಮಗಳಿಗೆ ಹೇಳಿದರು. ಈ ಮಾತು ಮಗಳ ಮನಸ್ಸಿನಲ್ಲಿ ಬೀಜದಂತೆ ಬಿದ್ದುಕೊಂಡಿತು. ಮೊಳೆಯುವದಕ್ಕೆ ಮಾತ್ರ ಬಹುಕಾಲ ಹಿಡಿಯಿತು.

ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದ ಮೊದಲನೆಯ ವಿದ್ಯಾರ್ಥಿನಿ ಈಕೆಯೇ. ಆಕೆ ಬರುವಷ್ಟರಲ್ಲಿ ಪಾಠದ ಕೊಠಡಿಯ ಬಾಗಿಲನ್ನು ಮುಚ್ಚಿಬಿಡುವ ತರುಣರೂ ಅಲ್ಲಿ ಇದ್ದರೆಂದು ಹೇಳುವರು. ಆದಾಗ್ಯೂ ಅಂತಿಮ ಪರೀಕ್ಷೆಯಲ್ಲಿ ಆಕೆಯೇ ಎಲ್ಲರಿಗಿಂತ ಮೇಲಾದಳು. ಹಾಗೆ ಮೇಲಾದವರಿಗೆ ಇಂಗ್ಲಂಡಿನಲ್ಲಿ ಓದುವದಕ್ಕೆ ಸರಕಾರದ ವಿದ್ಯಾರ್ಥಿವೇತನವು ದೊರೆಯಬೇಕಾಗಿತ್ತು. ಹೆಂಗಸೆಂಬ ಒಂದೇ ಕಾರಣದಿಂದ ಅದು ಈಕೆಗೆ ದೊರೆಯಲಿಲ್ಲ. ಅಹಮದಾಬಾದಿನ ಗುಜರಾತ ಕಾಲೇಜಿನಲ್ಲಿ ಗಂಡುಮಕ್ಕಳಿಗೆ ಇಂಗ್ಲಿಷ್ ಪಾಠವನ್ನು ಹೇಳುತ್ತ ಕೆಲವು ದಿನ ಕಳೆದಳು. ಕಡೆಗೆ ಲೇಡಿ ಹಾಬ್‌ಹೌಸ್, ಫ್ಲಾರೆನ್ಸ್ ನೈಟಿಂಗೇಲ್ ಮೊದಲಾದವರು ಹಣವನ್ನು ಕೂಡಿಸಿ ಕರೆಯಿಸಿಕೊಂಡದ್ದರಿಂದ ೧೮೮೯ರಲ್ಲಿ ಆಕ್ಸ್‌ಫರ್ಡ್ ಪಟ್ಟಣದ ಸಾಮರ್‌ವಿಲ್ ವಿದ್ಯಾಮಂದಿರವನ್ನು ಸೇರಿದಳು.

ಆ ಮಂದಿರವು ಸ್ಥಾಪಿತವಾಗಿ ಆಗ ಹತ್ತು ವರುಷ ಮಾತ್ರ ಆಗಿತ್ತು. ಹೆಂಗಸರು ಉಪನ್ಯಾಸಗಳನ್ನು ಕೇಳಬಹುದಾಗಿತ್ತು, ಕೆಲವು ಪರೀಕ್ಷೆಗಳಿಗೆ ಕೂಡ್ರಬಹುದಾಗಿತ್ತು. ಪದವಿ ಮಾತ್ರ ಅವರಿಗೆ ಇರಲಿಲ್ಲ. ಕೊರ್ನೇಲಿಯಾ ಮೊದಲು ಸಾಹಿತ್ಯವನ್ನು ಓದತೊಡಗಿದಳಾದರೂ, ಬಾಲ್ಯದ ಆ ಬೀಜವು ಈಗ ಮೊಳೆಯಿತು. ನ್ಯಾಯಶಾಸ್ತ್ರವನ್ನೇ ಓದುವೆನೆಂದು ಹಟಹಿಡಿದಳು. ಬೇಲಿಯಲ್ ಕಾಲೇಜಿನ ಮುಖ್ಯಸ್ಥರೂ ಗ್ರೀಕ್ ಪಂಡಿತರೂ ಆದ ಬೆಂಜಮಿನ್ ಜೊವೆಟ್ಟರು ಆಕೆಯಲ್ಲಿ ಮಗಳಲ್ಲಿಟ್ಟಂಥ ಮಮತೆಯನ್ನಿಟ್ಟು ಬೆಂಬಲ ಕೊಟ್ಟರು. ೧೮೯೦ರಲ್ಲಿ ಸರ್ ವಿಲಿಯಂ ಆನ್ಸನ್ನರು ಆಲ್ ಸೋಲ್ಸ್ ಕಾಲೇಜಿನ ಗ್ರಂಥಾಲಯದಲ್ಲಿ ಓದುವದಕ್ಕೆ ಆಕೆಗೆ ಅನುಮತಿಯಿತ್ತರು. ಅಲ್ಲಿ ಓದುಗಳಾಗಿ ಕುಳಿತ ಮೊದಲನೆಯ ಸ್ತ್ರೀ ಆಕೆಯೇ.

ಆಕೆಯು ಆರಿಸಿಕೊಂಡ ಬಿ.ಸಿ.ಎಲ್. ಎಂಬದು ಪುರುಷರೂ ಅಂಜುವ ಕಠಿಣವಾದ ಪರೀಕ್ಷೆ. ಅದಕ್ಕೆ ಯಾವ ಸ್ತ್ರೀಯೂ ಅಂದಿನವರೆಗೆ ಕುಳಿತಿರಲಿಲ್ಲ. ೧೮೯೨ರಲ್ಲಿ ಪರೀಕ್ಷೆಯ ದಿನಗಳು ಹತ್ತಿರವಾದಾಗ, ಆಕೆಯು ಪುರುಷರ ಸಂಗಡ ಕೂಡ್ರದೆ ತನ್ನ ಮಂದಿರದಲ್ಲಿಯೇ ಪ್ರತ್ಯೇಕವಾಗಿ ಬರೆಯಬೇಕೆಂದು ಸೂಚನೆ ಬಂತು. ಹಾಗೆ ಬರೆದ ಉತ್ತರಗಳಿಗೆ ಮುಂದೆ ಯಾರು ಬೆಲೆ ಕೊಟ್ಟಾರು? ಆಕೆ ಒಪ್ಪಲಿಲ್ಲ. ಅತ್ತು ಕೂಡ್ರಲೂ ಇಲ್ಲ, ಅರ್ಜಿ ಮಾಡಿಕೊಂಡಳು. ಸ್ನೇಹಿತರೂ ಆಕೆಯ ಪರವಾಗಿ ಓಡಾಡಿದರು. ಕಡೆಯ ಗಳಿಗೆಯಲ್ಲಿ ವಿಶ್ವವಿದ್ಯಾಲಯದ ಸಭೆಯು ವಿಶೇಷ ನಿರ್ಣಯವನ್ನು ಮಾಡಿ ಆಕೆಗೆ ಎಲ್ಲರಂತೆ ಪರೀಕ್ಷೆಗೆ ಕೂಡ್ರುವ ಅಪ್ಪಣೆಯನ್ನು ಕೊಟ್ಟಿತು.

ಆಕ್ಸ್‌ಫರ್ಡ್ ಆಕೆಗೆ ಕಲಿಸಿದ ಪಾಠಗಳಲ್ಲಿ ಇದೇ ಮುಖ್ಯವಾದದ್ದೆಂದು ನಮಗೆ ತೋರುತ್ತದೆ. ನಿಯಮವೆಂಬದು ಆಕಾಶದಿಂದ ಬಿದ್ದದ್ದಲ್ಲ, ಮನುಷ್ಯರು ಬರೆದದ್ದು, ತಕ್ಕ ಕಾರಣವನ್ನು ತೋರಿಸಿ ಕೇಳಿದರೆ ಮನುಷ್ಯರೇ ತಿದ್ದುವರು ಎಂಬ ತಿಳುವಳಿಕೆಯು ಯಾವ ಪಠ್ಯಪುಸ್ತಕದಿಂದಲೂ ಆಕೆಗೆ ಬಂದದ್ದಲ್ಲ. ಪುಣೆಯಲ್ಲಿ ವೇತನವು ಕೈತಪ್ಪಿದಾಗ ಆಕೆ ಬರೇ ಜಾಣೆಯಾದ ಹುಡುಗಿಯಾಗಿದ್ದಳು. ಈಗ ತಾನು ಮಾಡಬೇಕಾದ ಕೆಲಸವೇನೆಂಬದನ್ನೂ ಅದಕ್ಕೆ ಬಾಗಿಲು ತಟ್ಟುವ ಬಗೆಯನ್ನೂ ಅರಿತವಳಾದಳು.

ಪರೀಕ್ಷೆಯಲ್ಲಿ ಆಕೆಗೆ ಸಿಕ್ಕಿದ್ದು ಮೂರನೆಯ ವರ್ಗ. ಮಕ್ಕಳ ವರ್ಗವನ್ನೇ ಎಣಿಸುವ ತಂದೆತಾಯಿಗಳು ಇದನ್ನು ಗಮನಿಸಬಹುದು. ಪದವಿಯಂತೂ ಸಿಕ್ಕಲಿಲ್ಲ.

೧೮೯೩ರಲ್ಲಿ ಸ್ವದೇಶಕ್ಕೆ ಬಂದವಳು ಮುಂಬಯಿ ವಿಶ್ವವಿದ್ಯಾಲಯದ ಎಲ್.ಎಲ್.ಬಿ. ಪರೀಕ್ಷೆಯನ್ನು ೧೮೯೭ರಲ್ಲಿಯೂ, ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆಯನ್ನು ೧೮೯೯ರಲ್ಲಿಯೂ ಮುಗಿಸಿದಳು. ಆದರೂ ವಕೀಲಳೆಂದು ಆಕೆಯನ್ನು ಯಾರೂ ಅಂಗೀಕರಿಸಲಿಲ್ಲ. ಆಗ ಆಕ್ಸ್‌ಫರ್ಡಿನಲ್ಲಿ ಕಲಿತ ಉಪಾಯವನ್ನೇ ಹಿಡಿದಳು. ಗೋಷಾ ಸ್ತ್ರೀಯರ ಆಸ್ತಿಗಳ ವಿಷಯದಲ್ಲಿ ಸಲಹೆ ಕೊಡುವದಕ್ಕೆ ಒಬ್ಬ ಹೆಂಗಸನ್ನು ನೇಮಿಸಬೇಕೆಂದು ಲಂಡನ್ನಿನ ಇಂಡಿಯಾ ಆಫೀಸಿಗೆ ೧೯೦೨ರಿಂದ ಬರೆಯುತ್ತ ಬಂದು, ೧೯೦೪ರಲ್ಲಿ ಬಂಗಾಲದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಆ ಹುದ್ದೆಗೆ ತಾನೇ ನಿಯಮಿತಳಾದಳು. ಬಂಗಾಲ, ಬಿಹಾರ, ಒರಿಸ್ಸಾ, ಅಸ್ಸಾಮ ಪ್ರಾಂತಗಳ ಅಂತಃಪುರಗಳನ್ನು ಸುತ್ತುತ್ತ, ಸುಮಾರು ಇಪ್ಪತ್ತು ವರುಷಗಳಲ್ಲಿ ೬೦೦ಕ್ಕೂ ಮಿಕ್ಕಿದ ಸ್ತ್ರೀಯರಿಗೂ ಅನಾಥ ಮಕ್ಕಳಿಗೂ ನೆರವಾದಳೆಂದು ಎಣಿಸುವರು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದನ್ನೂ ಮರೆಮಾಚದೆ ಹೇಳಬೇಕು. ಆಕ್ಸ್‌ಫರ್ಡಿನಲ್ಲಿ ದೊರೆತ ಸ್ನೇಹವು ಆಕೆಯ ಕಣ್ಣಿಗೆ ಒಂದು ಪರದೆಯೂ ಆಯಿತು. ಆಂಗ್ಲರ ಆಳಿಕೆಯು ಹಿಂದೂದೇಶಕ್ಕೆ ಹಿತವೆಂದೇ ಕಡೆಯತನಕ ನಂಬಿ, ಗಾಂಧೀಜಿಯವರ ಚಳವಳಿಯನ್ನು ಆಕೆ ಬಹಿರಂಗವಾಗಿ ವಿರೋಧಿಸಿದಳು. ಆದಕಾರಣ ಸ್ವದೇಶೀಯರಲ್ಲಿ ಅನೇಕರ ವಿಶ್ವಾಸವನ್ನು ಕಳೆದುಕೊಂಡಳು. ಆಕೆಯ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರದಿರುವದಕ್ಕೆ ಇದೂ ಒಂದು ಕಾರಣವಿದ್ದೀತು.

೧೯೨೦ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಹೆಂಗಸರಿಗೆ ಪದವಿಗಳನ್ನು ತೆರೆಯಿತು. ೧೯೨೨ರಲ್ಲಿ, ತಲೆಗೂದಲು ನರೆತ ಮೇಲೆ, ಕೊರ್ನೇಲಿಯಾ ಅಲ್ಲಿಗೆ ತಿರಿಗಿ ಹೋಗಿ ೧೮೯೨ರ ತನ್ನ ಬಿ.ಸಿ.ಎಲ್. ಪದವಿಯನ್ನು ಪಡೆದಳು. ಮರುವರುಷ ಲಿಂಕನ್ಸ್ ಇನ್ ಸಂಸ್ಥೆಯಿಂದ ಬ್ಯಾರಿಸ್ಟರಳೂ ಆದಳು. ಅದೇ ೧೯೨೩ರಲ್ಲಿ ಹಿಂದೂದೇಶದ ಕಾಯದೆಯೂ ಸ್ತ್ರೀಯರಿಗೆ ವಕೀಲಿಯ ಬಾಗಿಲನ್ನು ತೆರೆದದ್ದರಿಂದ ಕಲಕತ್ತೆಗೆ ಬಂದು ಕೆಲಸಕ್ಕೆ ತೊಡಗಿದಳು. ಆದರೆ ಕೋರ್ಟಿನಲ್ಲಿ ನಿಂತು ವಾದಿಸುವ ಪ್ರಸಂಗಗಳಿಗಿಂತ ಮೇಜಿನ ಮುಂದೆ ಕುಳಿತು ಅಭಿಪ್ರಾಯ ಬರೆದುಕೊಡುವ ಕೆಲಸವೇ ಆಕೆಯ ಪಾಲಿಗೆ ಬಂತು. ೧೯೨೯ರಲ್ಲಿ ವೃತ್ತಿಯನ್ನು ಬಿಟ್ಟು ಲಂಡನ್ನಿನಲ್ಲಿ ನೆಲೆಸಿ, ೧೯೫೪ನೆಯ ಇಸವಿ ಜುಲೈ ೬ರಂದು ಅಲ್ಲಿಯೇ ತೀರಿಕೊಂಡಳು.