ಪಿಲ್ಸೆನ್‌ಗೆ ಹೆಸರು ತಂದು ತಾನು ಮರೆಯಾದ ಜೋಸೆಫ್ ಗ್ರೋಲ್

1838ರಲ್ಲಿ ಬೊಹೆಮಿಯಾದ ಪಿಲ್ಸೆನ್ ಪಟ್ಟಣದ ಪುರಭವನದ ಎದುರು 36 ಪೀಪಾಯಿ ಬಿಯರನ್ನು ಸಾರ್ವಜನಿಕವಾಗಿ ನೆಲಕ್ಕೆ ಚೆಲ್ಲಲಾಯಿತು. ಅದು ಕುಡಿಯಲು ಯೋಗ್ಯವಲ್ಲವೆಂಬುದೇ ಕಾರಣ. ಇಂದಿನ ಜೆಕ್ ಗಣರಾಜ್ಯದಲ್ಲಿರುವ ಈ ಊರು ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಬಿಯರ್ ತಯಾರಿಸುವ ಹಕ್ಕನ್ನು ಪರಂಪರೆಯಿಂದ ಪಡೆದಿದ್ದ ಅಲ್ಲಿನ ನಾಗರಿಕರಿಗೆ ಇದು ಮಾನದ ಪ್ರಶ್ನೆಯಾಯಿತು. ಅವರು ಒಂದುಗೂಡಿ ಹೊಸ ಬಿಯರ್ ತಯಾರಿಕಾ ಘಟಕವನ್ನು ಕಟ್ಟಿಸಿದರು. ಅದರ ಹೊಣೆ ಹೊರಲು ನೆರೆಯ ಬವೇರಿಯಾದಿಂದ ಬಂದವನೇ ಜೋಸೆಫ್ ಗ್ರೋಲ್.

ಗ್ರೋಲ್ ಜನಿಸಿದ್ದು 1813ರ ಆಗಸ್ಟ್ 21ರಂದು, ಡ್ಯಾನ್ಯೂಬ್ ನದಿದಂಡೆಯ ವಿಲ್ಸ್‌ಹೋಫನ್‌ನಲ್ಲಿ. ತಂದೆಯೂ ಬಿಯರ್ ತಯಾರಕ. ಹೀಗಾಗಿ ವೃತ್ತಿಯು ಮನೆಯಿಂದಲೇ ಬಂದಿತ್ತು. ಒರಟು ಸ್ವಭಾವದವನೆಂದು ಹೆಸರಾಗಿದ್ದ ಆತ ಕಸುಬಿನಲ್ಲಿ ಮಾತ್ರ ಬಹು ಸೂಕ್ಷ್ಮಮತಿ. ಪಿಲ್ಸೆನ್‌ಗೆ ಬಂದಾಗ ವಯಸ್ಸು ಇನ್ನೂ 30 ತುಂಬಿರಲಿಲ್ಲ.

ಬವೇರಿಯಾದಲ್ಲಿ ಆಗಲೇ ರೂಢಿಯಲ್ಲಿದ್ದ ಲಾಗರ್ ವಿಧಾನವನ್ನು ಗ್ರೋಲ್ ಜೊತೆಗೆ ತಂದನು. ತಂಪಿನಲ್ಲಿ ನಿಧಾನವಾಗಿ ಹುದುಗಿ ತಳಕ್ಕೆ ಇಳಿಯುವ ಯೀಸ್ಟ್, ಬಳಿಕ ನೆಲಮಾಳಿಗೆಯ ಚಳಿಯಲ್ಲಿ ದೀರ್ಘ ವಿಶ್ರಾಂತಿ - ಇದು ಆ ವಿಧಾನದ ಜೀವಾಳ. ಆದರೆ ಬವೇರಿಯಾದ ಲಾಗರ್ ಕಂದು ಬಣ್ಣದ್ದು. ಪಿಲ್ಸೆನ್‌ನಲ್ಲಿ ಮಾತ್ರ ಹೊಗೆ ತಾಕದಂತೆ ಬಿಸಿಗಾಳಿಯಿಂದ ಒಣಗಿಸುವ ಇಂಗ್ಲಿಷ್ ಪದ್ಧತಿಯನ್ನು ಅನುಸರಿಸಿ ತಿಳಿ ಬಣ್ಣದ ಬಾರ್ಲಿ ಮಾಲ್ಟ್ ಸಿದ್ಧಪಡಿಸಲಾಯಿತು. ಅದಕ್ಕೆ ಲವಣಾಂಶ ಅತಿ ಕಡಿಮೆಯಿರುವ ಅಲ್ಲಿನ ಮೃದು ನೀರು ಹಾಗೂ ಸಮೀಪದ ಝಾಟೆಟ್ಸ್ ಸೀಮೆಯ ಸುಪ್ರಸಿದ್ಧ ಹಾಪ್ಸ್ ಹೂಗಳು ಕೂಡಿದವು.

1842ರ ಅಕ್ಟೋಬರ್ 5ರಂದು ಗ್ರೋಲ್ ಮೊದಲ ಪಾಕವನ್ನು ಕುದಿಸಿದನು. ನವೆಂಬರ್ 11ರಂದು, ಸಂತ ಮಾರ್ಟಿನ್ ಹಬ್ಬದ ದಿನ, ಅದು ಜನರ ಕೈಸೇರಿತು. ಮಬ್ಬು ಕಂದು ಪಾನೀಯಕ್ಕೆ ಒಗ್ಗಿದ್ದವರು ಕಂಡದ್ದು ಹೊನ್ನಿನ ಬಣ್ಣದ ತಿಳಿಯಾದ ಬಿಯರ್, ಅದರ ಮೇಲೆ ದಟ್ಟವಾದ ಬಿಳಿ ನೊರೆ.

ಈ ಬಗೆಯ ಬಿಯರಿನ ರುಚಿ ಅರಿಯಬೇಕಾದರೆ ಆತುರ ಸಲ್ಲದು. ಮೊದಲು ಬೆಳಕಿಗೆ ಹಿಡಿದು ಬಣ್ಣ ಮತ್ತು ತಿಳಿಯನ್ನು ನೋಡಬೇಕು. ನಂತರ ಮೂಗಿನ ಸರದಿ: ಝಾಟೆಟ್ಸ್ ಹಾಪ್ಸ್ ಗಿಡಮೂಲಿಕೆ ಹಾಗೂ ಹೂವಿನ ನವಿರಾದ ಪರಿಮಳ ಬೀರುತ್ತದೆ. ಮೊದಲ ಗುಟುಕಿನಲ್ಲಿ ಮಾಲ್ಟ್‌ನ ಬ್ರೆಡ್ಡಿನಂಥ ಸಿಹಿ, ಅದರ ಬೆನ್ನಿಗೇ ನಾಲಗೆಯನ್ನು ಶುಚಿಗೊಳಿಸುವ ಕಹಿ. ನೀರು ಮೃದುವಾದ್ದರಿಂದ ಆ ಕಹಿ ಗಂಟಲು ಕೆರೆಯದು. ಅತಿಯಾಗಿ ತಣ್ಣಗಾದರೆ ಪರಿಮಳ ಅಡಗುತ್ತದೆ. ಬಿಸಿಲು ತಗುಲಿದರೆ ಹಾಪ್ಸ್ ಕೆಟ್ಟು ದುರ್ವಾಸನೆ ಬರುತ್ತದೆ. ಲಾಗರ್‌ನಲ್ಲಿ ದೋಷ ಮುಚ್ಚಿಡಲು ಆಸ್ಪದವಿಲ್ಲ. ತಯಾರಕನ ನಿಜವಾದ ಪರೀಕ್ಷೆ ಅಲ್ಲಿಯೇ.

ಆ ಪರೀಕ್ಷೆಯಲ್ಲಿ ಗೆದ್ದ ಗ್ರೋಲ್‌ಗೆ ಪಿಲ್ಸೆನ್‌ನ ಋಣ ದೀರ್ಘಕಾಲ ಉಳಿಯಲಿಲ್ಲ. 1845ರ ಏಪ್ರಿಲ್‌ನಲ್ಲಿ ಮುಗಿದ ಕರಾರನ್ನು ನವೀಕರಿಸಲಿಲ್ಲ. ಆತ ವಿಲ್ಸ್‌ಹೋಫನ್‌ಗೆ ಮರಳಿ ತಂದೆಯ ಉದ್ಯಮವನ್ನು ವಹಿಸಿಕೊಂಡನು. ಪಿಲ್ಸೆನ್‌ನ ಘಟಕವಾದರೋ ಬೆಳೆಯುತ್ತಲೇ ಹೋಯಿತು. 1859ರಲ್ಲಿ ತನ್ನ ಬಿಯರಿಗೆ ಊರಿನ ಹೆಸರನ್ನೇ ನೋಂದಾಯಿಸಿತು. ಅಷ್ಟರಲ್ಲಿ ಆ ಶೈಲಿ ಗಡಿ ದಾಟತೊಡಗಿತ್ತು. ಅನ್ಯ ಊರುಗಳಲ್ಲಿ ತಯಾರಾದದ್ದಕ್ಕೂ ಕಾಲಕ್ರಮದಲ್ಲಿ ಪಿಲ್ಸ್ನರ್ ಎಂಬ ಹೆಸರೇ ಅಂಟಿತು.

1887ರ ನವೆಂಬರ್ 22ರಂದು, ತನ್ನ 74ನೆಯ ವಯಸ್ಸಿನಲ್ಲಿ, ಗ್ರೋಲ್ ಹುಟ್ಟೂರಿನಲ್ಲೇ ಕಣ್ಮುಚ್ಚಿದನು. ಪಾನಗೃಹದಲ್ಲಿ ಗೆಳೆಯರೊಡನೆ ಮೇಜಿನ ಬಳಿ ಕುಳಿತಿದ್ದಾಗಲೇ ಕೊನೆಯುಸಿರೆಳೆದನೆಂದು ಪ್ರತೀತಿ.

ಇಂದು ಪುಟ್ಟ ಘಟಕಗಳ ಕ್ರಾಫ್ಟ್ ತಯಾರಕರು ಹೊಸ ತಳಿಯ ಹಾಪ್ಸ್ ಬಳಸಿ, ಹುದುಗಿದ ಬಳಿಕವೂ ಅದನ್ನು ಸೇರಿಸಿ, ನಿಂಬೆ ಹಾಗೂ ಹಣ್ಣುಗಳ ಪರಿಮಳವುಳ್ಳ ಲಾಗರ್‌ಗಳನ್ನು ರೂಪಿಸುತ್ತಿದ್ದಾರೆ. ಪರಿಮಳ ಬದಲಾದರೂ ತಿಳಿ ಮಾಲ್ಟ್, ತಂಪು ಹುದುಗು, ಹಾಪ್ಸ್‌ನ ಹದವಾದ ಕಹಿ ಎಂಬ ತಳಹದಿ ಬದಲಾಗಿಲ್ಲ. ಲೋಟದ ಮೇಲೆ ಊರಿನ ಹೆಸರಿದೆ. ಲೋಟದೊಳಗಿನ ರುಚಿಯ ಹಿಂದೆ ಮೂರು ವರ್ಷವೂ ತುಂಬುವ ಮೊದಲೇ ಆ ಊರು ಬಿಟ್ಟ ಗ್ರೋಲ್‌ನ ದುಡಿಮೆಯಿದೆ.