ರೆವರೆಂಡ್ ಹರ್ಮನ್ ಮೋಗ್ಲಿಂಗ್

ಜುಲೈ 1ನೆಯ ತಾರೀಖನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುವ ವಾಡಿಕೆಯುಂಟು. ಕ್ರಿ.ಶ. 1843ರಲ್ಲಿ ಅದೇ ದಿನ ಕನ್ನಡದ ಮೊದಲ ವೃತ್ತಪತ್ರಿಕೆ ಎನಿಸಿದ 'ಮಂಗಳೂರ ಸಮಾಚಾರ' ಹೊರಬಂದಿತು. ಆ ಪತ್ರಿಕೆಯ ಸಂಪಾದಕರಾದ ಮೋಗ್ಲಿಂಗರ ಹೆಸರನ್ನು ನಮ್ಮ ವಿದ್ಯಾರ್ಥಿಮಿತ್ರರೆಲ್ಲರೂ ಕೇಳಿಯೇ ಇರುತ್ತಾರೆ. ಆದರೆ ಅವರು ಪತ್ರಿಕೆ ನಡೆಸಲೆಂದು ಏಳು ಕಡಲು ದಾಟಿ ಬಂದವರಲ್ಲ. ಯೇಸುಕ್ರಿಸ್ತನಲ್ಲಿ ಮನುಷ್ಯನಿಗೆ ಮುಕ್ತಿಯುಂಟೆಂಬ ವಾರ್ತೆಯನ್ನು ಸಾರುವುದೇ ಅವರ ಬಾಳಿನ ಏಕೈಕ ಉದ್ದೇಶವಾಗಿತ್ತು. ಈ ಉದ್ದೇಶವನ್ನು ಮರೆತು ಅವರ ಸಾಹಿತ್ಯಸೇವೆಯನ್ನು ಮಾತ್ರ ಹೊಗಳಿದರೆ ಆ ವ್ಯಕ್ತಿಯನ್ನು ಅರ್ಧ ಮಾತ್ರ ಕಂಡಂತಾಗುತ್ತದೆ.

ಹರ್ಮನ್ ಮೋಗ್ಲಿಂಗರು 1811ನೆಯ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ವ್ಯಾಸಂಗಮಾಡಿದರು. ಮುಂದೆ ಮಲೆಯಾಳ ಭಾಷೆಗೆ ಮಹೋಪಕಾರ ಮಾಡಿದ ಗುಂಡರ್ಟ್ ಪಂಡಿತರು ಅವರ ಮಿತ್ರರು. ಸ್ವದೇಶದಲ್ಲಿಯೇ ನಿಂತಿದ್ದರೆ ಯಾವುದಾದರೊಂದು ದೇವಾಲಯದ ಪಾದ್ರಿಗಳಾಗಿ ನೆಮ್ಮದಿಯಿಂದ ಇರಬಹುದಾಗಿತ್ತು. ಆದರೆ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನನ್ನು ಸೇರಿದರು. 1833ರ ಸನ್ನದಿನಿಂದಾಗಿ ಕಂಪನಿಯ ರಾಜ್ಯದಲ್ಲಿ ಇಂಗ್ಲಿಷರಲ್ಲದ ಮಿಷನರಿಗಳಿಗೂ ಕೆಲಸಮಾಡಲು ಅವಕಾಶ ದೊರೆತಿತ್ತು. ಮರುವರ್ಷವೇ ಬಾಸೆಲ್ಲಿನಿಂದ ಮೂವರು ಮಂಗಳೂರಿಗೆ ಬಂದಿಳಿದರು. ಮೋಗ್ಲಿಂಗರು ಬಂದದ್ದು 1836ರಲ್ಲಿ. ಆಗ ಅವರಿಗೆ ಇಪ್ಪತ್ತೈದು ವರ್ಷ ವಯಸ್ಸು.

ಅಂದಿನ ಮಿಷನರಿಯ ಕೆಲಸ ಸುಲಭವಾದುದಾಗಿರಲಿಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ, ಚಾವಡಿಯ ಮುಂದೆ ನಿಂತು, ಕರೆಯದೆ ಬಂದ ಪರದೇಶಿಯು ಜನರಿಗೆ ಅವರ ಪಾಪದ ವಿಷಯವನ್ನೂ ರಕ್ಷಣೆಯ ವಿಷಯವನ್ನೂ ಹೇಳಬೇಕು. ಕೇಳಿದವರು ನಗಬಹುದು, ವಾದಿಸಬಹುದು, ಬೆನ್ನು ತಿರುಗಿಸಿ ಹೊರಟುಹೋಗಬಹುದು. ಇದಕ್ಕೆ ಎದೆಗಾರಿಕೆಯಷ್ಟೇ ಸಾಕಾಗುವುದಿಲ್ಲ, ಭಾಷೆಯೂ ಬೇಕು. ಪರರ ಮನಸ್ಸಿನ ಬಾಗಿಲು ಪರರ ಮಾತಿನಿಂದಲೇ ತೆರೆಯತಕ್ಕದ್ದೆಂಬುದನ್ನು ಮೋಗ್ಲಿಂಗರು ಬೇಗನೆ ಮನಗಂಡರು. ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ಘಟ್ಟವನ್ನು ಹತ್ತಿ ಹುಬ್ಬಳ್ಳಿ ಧಾರವಾಡಗಳ ಸೀಮೆಯಲ್ಲಿ ಸಂಚರಿಸಿದರು. ಮಂಗಳೂರಿನಲ್ಲಿ ಹುಡುಗರನ್ನು ಕೂಡಿಸಿಕೊಂಡು ಪಾಠ ಹೇಳಿದರು.

1841ರಲ್ಲಿ ಮಿಷನ್ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯ ಅವರಿಗೆ ಎರಡನೆಯ ನಾಲಿಗೆಯಾಯಿತು. ಬೋಧನೆಯ ಪುಸ್ತಕಗಳಲ್ಲದೆ 'ಮಂಗಳೂರ ಸಮಾಚಾರ'ವೂ ಅಲ್ಲಿ ಅಚ್ಚಾಯಿತು. ಅದು ಬರಿಯ ಮತಪ್ರಚಾರದ ಕಾಗದವಾಗಿರಲಿಲ್ಲ. ಊರಿನ ವರ್ತಮಾನ, ಸರ್ಕಾರದ ಆಜ್ಞೆ, ಪರದೇಶಗಳ ಸುದ್ದಿ, ದಾಸರ ಪದ ಇವೆಲ್ಲಕ್ಕೂ ಅಲ್ಲಿ ಎಡೆಯಿತ್ತು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ಆ ವರ್ಷವೇ ಮೋಗ್ಲಿಂಗರ ಬಾಳಿನ ಅತ್ಯಂತ ಕಠಿಣ ಪ್ರಸಂಗ ಒದಗಿತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನೂ ಆತನ ಇಬ್ಬರು ಗೆಳೆಯರೂ ದೀಕ್ಷಾಸ್ನಾನವನ್ನು ಪಡೆದರು. ಮಂಗಳೂರಿನಲ್ಲಿ ಮಹಾ ಕೋಲಾಹಲವೆದ್ದಿತು. ಓದಲೆಂದು ಕಳುಹಿಸಿದ ಮಗನು ಕುಲವನ್ನೇ ಬಿಟ್ಟನೆಂಬ ಹೆತ್ತವರ ಸಂಕಟ ಸಾಮಾನ್ಯವಾದುದಲ್ಲ. ಆನಂದರಾಯನ ಹೆಂಡತಿಯೂ ಅವನನ್ನು ಹಿಂಬಾಲಿಸಲಿಲ್ಲ. ತಾವು ಸಾರಿದ ವಾರ್ತೆಗೆ ಬೆಲೆ ತೆರಬೇಕಾದವರು ತಾವಲ್ಲ, ಅದನ್ನು ನಂಬಿದ ತರುಣರು ಎಂಬುದು ಮೋಗ್ಲಿಂಗರಿಗೆ ಕಣ್ಣೆದುರಿಗೇ ಕಂಡಿತು. ಅವರು ಆ ತರುಣನನ್ನು ನಡುದಾರಿಯಲ್ಲಿ ಕೈಬಿಡಲಿಲ್ಲ. 1846ರಲ್ಲಿ ಅವನನ್ನು ತಮ್ಮೊಡನೆ ಯೂರೋಪಿಗೆ ಕರೆದೊಯ್ದು ಬಾಸೆಲ್ಲಿನಲ್ಲಿ ಓದಿಗೆ ಸೇರಿಸಿದರು. ಹರ್ಮನ್ ಎಂದು ಗುರುವಿನ ಹೆಸರನ್ನೇ ಧರಿಸಿದ್ದ ಶಿಷ್ಯನು 1851ರಲ್ಲಿ ಗುರುದೀಕ್ಷೆಯನ್ನು ಪಡೆದು, ತಾನೂ ಬೋಧಕನಾಗಿ ಸ್ವದೇಶಕ್ಕೆ ಹಿಂದಿರುಗಿದನು.

ಇಷ್ಟಾದ ಮೇಲೆ ಮೋಗ್ಲಿಂಗರು ಕೈಗೊಂಡ ಕಾರ್ಯ ನಮಗೆ ಆಶ್ಚರ್ಯವನ್ನುಂಟುಮಾಡುತ್ತದೆ. 1848ರಿಂದ ಕೆಲವು ವರ್ಷಗಳಲ್ಲಿ ಅವರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಪ್ರಕಟಿಸಿದರು. ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಎಂಬ ಮಹನೀಯರು ಇದಕ್ಕೆ ಧನಸಹಾಯ ಮಾಡಿದರು. ಗಾದೆಗಳ ಸಂಗ್ರಹವೊಂದನ್ನೂ ಮೋಗ್ಲಿಂಗರು ಹೊರತಂದರು. ಅಲ್ಲಿಯವರೆಗೆ ಓಲೆಗರಿಯಲ್ಲಿ ಅಡಗಿದ್ದ ಕಾವ್ಯಗಳು ಕಾಗದದ ಮೇಲೆ ಬಂದುವು. ಈ ನಾಡಿನವರನ್ನು ತಮ್ಮ ಮತಕ್ಕೆ ಕರೆಯಬಂದವರು ಶಿವನ, ಹರಿಯ ಸ್ತುತಿಗಳನ್ನೇಕೆ ಅಚ್ಚುಹಾಕಿಸಬೇಕು? ಜನರು ಯಾವುದನ್ನು ಹಾಡಿ ಅಳುವರೋ, ಯಾವುದನ್ನು ಕೇಳಿ ತಲೆದೂಗುವರೋ ಅದನ್ನು ತಿಳಿಯದವನ ಬೋಧನೆ ಗಾಳಿಗೆ ಹೇಳಿದ ಮಾತು. ಅವರ ವಿದ್ಯಾರ್ಥಿಗಳಿಗೂ ಒಳ್ಳೆಯ ಕನ್ನಡವನ್ನು ಕಲಿಸಲು ಈ ಗ್ರಂಥಗಳೇ ಬೇಕಾಗಿದ್ದುವು. ಕಾರಣವೇನೇ ಇರಲಿ, ಪ್ರಯೋಜನವು ನಾಡಿಗೆಲ್ಲ ದೊರೆಯಿತು.

1853ರಲ್ಲಿ ಅವರು ಕೊಡಗಿಗೆ ತೆರಳಿದರು. ಧರ್ಮವನ್ನು ತಿಳಿಯಬೇಕೆಂದು ಕೊಡಗಿನವನೊಬ್ಬನು ಅವರಲ್ಲಿಗೆ ಬಂದುದೇ ಇದಕ್ಕೆ ನಿಮಿತ್ತ. ಅಲ್ಲಿಯ ಚರಿತ್ರೆ ಮತ್ತು ಆಚಾರಗಳನ್ನು ಕುರಿತು 1855ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಒಡೆಯರ ಅಂಕೆಯಲ್ಲಿ ದುಡಿಯುತ್ತಿದ್ದ ಹೊಲೆಯರಲ್ಲಿ ಕ್ರೈಸ್ತರಾದವರಿಗೆ ಆನಂದಪುರವೆಂಬ ನೆಲೆಯಾಯಿತು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನಿತ್ತಿತು. 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅಲ್ಲಿಯೂ ಕನ್ನಡವನ್ನು ಮರೆಯದೆ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಪರಿವರ್ತಿಸಿದರು. 1881ನೆಯ ಮೇ 10ರಂದು ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು.

ಮೋಗ್ಲಿಂಗರ ವಾರ್ತೆಯನ್ನು ಒಪ್ಪಿದವರು ಕೆಲವರೇ. ಅವರು ಅಚ್ಚುಹಾಕಿಸಿದ ಗ್ರಂಥಗಳಿಂದ ಉಪಕೃತರಾದವರು ಹಲವರು. ಒಬ್ಬರ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳುವುದು ಯುಕ್ತವೇ ಎಂಬ ಚರ್ಚೆ ನಮ್ಮ ವಿದ್ಯಾರ್ಥಿನಿಲಯಗಳಲ್ಲಿಯೂ ನಡೆಯುವುದುಂಟು. ಸತ್ಯವೆಂದು ಕಂಡುದನ್ನು ಅಂಜದೆ ಹೇಳುವವನು, ಎದುರಿನವನ ಸತ್ಯವನ್ನು ಅಷ್ಟೇ ಗಮನವಿಟ್ಟು ಕೇಳಲು ಸಿದ್ಧನಿರಬೇಕು. ತನ್ನ ಮಾತನ್ನು ನಂಬಿ ನಷ್ಟಪಟ್ಟವನ ಜೊತೆಗೆ ಕೊನೆಯವರೆಗೂ ನಿಲ್ಲಬೇಕು. ಈ ಎರಡು ಋಣಗಳನ್ನೂ ಸಲ್ಲಿಸಲು ಹೆಣಗಿದುದರಿಂದಲೇ, ಅವರ ಮತವನ್ನು ಸೇರದ ನಾಡೂ ಅವರನ್ನು ತನ್ನವರೆಂದು ನೆನೆಯುತ್ತಿದೆ.