ತಿಜೋರಿಯಲ್ಲಿದ್ದ ಕಾದಂಬರಿ

ಫ್ರಾನ್ಸ್ ದೇಶದ ಪಶ್ಚಿಮ ಭಾಗದಲ್ಲಿ, ಲುವಾರ್ ನದಿಯ ದಡದ ಮೇಲೆ ನಾಂಟ್ ಎಂಬ ರೇವುಪಟ್ಟಣವಿದೆ. ದೂರದೂರದ ನಾಡುಗಳಿಗೆ ಹಡಗುಗಳು ಹೊರಡುತ್ತಿದ್ದ ಆ ಊರಿನಲ್ಲಿ 1828ರ ಫೆಬ್ರವರಿ 8ರಂದು ಜೂಲ್ಸ್ ವರ್ನ್ ಜನಿಸಿದನು. ತಂದೆ ನ್ಯಾಯವಾದಿ. ಹಿರಿಯ ಮಗನು ಕಾನೂನು ಓದಿ ತನ್ನ ವೃತ್ತಿಯನ್ನೇ ಮುಂದುವರಿಸಬೇಕೆಂಬುದು ಆತನ ಅಪೇಕ್ಷೆಯಾಗಿತ್ತು. ಮಗನು ಪ್ಯಾರಿಸ್ಸಿಗೆ ಹೋಗಿ ಕಾನೂನು ಪದವಿಯನ್ನೇನೋ ಪಡೆದನು; ಆದರೆ ಅವನ ಮನಸ್ಸು ನೆಲೆಸಿದುದು ಕಾವ್ಯ ನಾಟಕಗಳಲ್ಲಿ. 1852ರಲ್ಲಿ ತಂದೆಯ ಕಚೇರಿಯನ್ನು ವಹಿಸಿಕೊಳ್ಳಲು ಕರೆ ಬಂದಾಗ ಆತನು ಒಪ್ಪಲಿಲ್ಲ. 1857ರಲ್ಲಿ ಮದುವೆಯಾದ ಮೇಲೆ ಸಂಸಾರ ನಿರ್ವಹಣೆಗಾಗಿ ಷೇರುಪೇಟೆಯಲ್ಲಿ ದುಡಿಯಬೇಕಾಯಿತು. ನಸುಕಿನಲ್ಲಿ ಎದ್ದು ಬರೆಯುವುದು, ಅನಂತರ ಹಣದ ಲೆಕ್ಕಾಚಾರದ ನಡುವೆ ದಿನ ಕಳೆಯುವುದು, ಇದು ಆತನ ನಿತ್ಯಕ್ರಮವಾಯಿತು.

1863ರ ಜನವರಿಯಲ್ಲಿ ವರ್ನನ ಅದೃಷ್ಟ ತೆರೆಯಿತು. ಬಲೂನಿನಲ್ಲಿ ಕುಳಿತು ಆಫ್ರಿಕಾ ಖಂಡವನ್ನು ದಾಟುವ ಸಾಹಸದ ಕಥೆಯೊಂದನ್ನು ಹೆಟ್ಜೆಲ್ ಎಂಬ ಪ್ರಕಾಶಕನು ಅಚ್ಚುಹಾಕಿಸಿದನು. ಜನರು ಅದನ್ನು ಆದರದಿಂದ ಸ್ವಾಗತಿಸಿದರು. ಈ ಉತ್ಸಾಹದಲ್ಲಿ ವರ್ನನು ಇನ್ನೊಂದು ಕಾದಂಬರಿಯನ್ನು ಬರೆದು ಅದೇ ಪ್ರಕಾಶಕನ ಕೈಗೆ ಕೊಟ್ಟನು. ಅದರ ಹೆಸರು 'ಇಪ್ಪತ್ತನೆಯ ಶತಮಾನದಲ್ಲಿ ಪ್ಯಾರಿಸ್'.

ಅದು 1960ರ ದಶಕದ ಪ್ಯಾರಿಸ್ ನಗರದ ಕಲ್ಪನೆ. ಅಲ್ಲಿ ಕುದುರೆಗಳಿಲ್ಲದ ಬಂಡಿಗಳು ಬೀದಿಯಲ್ಲಿ ಓಡುತ್ತವೆ. ನೆಲದಿಂದ ಎತ್ತರದಲ್ಲಿ ರೈಲುಗಳು ಸಂಚರಿಸುತ್ತವೆ. ರಾತ್ರಿಯಲ್ಲಿ ವಿದ್ಯುದ್ದೀಪಗಳು ಬೆಳಗುತ್ತವೆ. ಬರಹದ ಪ್ರತಿಕೃತಿಯು ತಂತಿಯ ಮೂಲಕ ದೂರದ ಊರಿಗೆ ಹೋಗುತ್ತದೆ. ಯಾರಿಗೂ ಯಾವ ಸೌಕರ್ಯಕ್ಕೂ ಕೊರತೆಯಿಲ್ಲ. ಆದರೆ ಸಾಹಿತ್ಯ ಯಾರಿಗೂ ಬೇಕಿಲ್ಲ. ಮಿಷೆಲ್ ಎಂಬ ಹದಿನಾರು ವರ್ಷದ ಹುಡುಗನು ಲ್ಯಾಟಿನ್ ಪದ್ಯರಚನೆಯಲ್ಲಿ ಬಹುಮಾನ ಪಡೆದಾಗ ಸಭೆಯೇ ನಗುತ್ತದೆ. ಅವನು ಪುಸ್ತಕದ ಅಂಗಡಿಗೆ ಹೋಗಿ ಮಹಾಕವಿ ವಿಕ್ಟರ್ ಹ್ಯೂಗೋವಿನ ಕೃತಿಗಳನ್ನು ಕೇಳಿದರೆ ಅಂಗಡಿಯವನಿಗೆ ಆ ಹೆಸರೇ ತಿಳಿಯದು. ಬ್ಯಾಂಕಿನ ಕೆಲಸದಲ್ಲಿ ಹುಡುಗನು ನಿಲ್ಲಲಾರನು; ಅವನ ಕವಿತೆಗಳನ್ನು ಅಚ್ಚುಹಾಕುವವರಿಲ್ಲ. ಕೊರೆಯುವ ಚಳಿಗಾಲದಲ್ಲಿ ಹಸಿದಿದ್ದರೂ ಕೈಯಲ್ಲಿ ಉಳಿದಿದ್ದ ಕೊನೆಯ ಕಾಸಿನಿಂದ ತಾನು ಒಲಿದ ಹುಡುಗಿಗಾಗಿ ಹೂ ಕೊಳ್ಳುತ್ತಾನೆ. ಅವಳು ಆ ಮನೆಯಲ್ಲಿರುವುದಿಲ್ಲ. ಊರೆಲ್ಲ ಅಲೆದು ಕಡೆಗೆ ಹಿಮ ಮುಸುಕಿದ ಸ್ಮಶಾನದಲ್ಲಿ ಕುಸಿದು ಬೀಳುತ್ತಾನೆ.

ಹೆಟ್ಜೆಲ್ ಈ ಹಸ್ತಪ್ರತಿಯನ್ನು ಓದಿ ನಿರಾಶನಾದನು. ಇದರಲ್ಲಿ ಹೊಸತನವಿಲ್ಲ, ಇಂತಹ ಭವಿಷ್ಯವನ್ನು ಯಾರೂ ನಂಬುವುದಿಲ್ಲ, ಇದನ್ನು ಪ್ರಕಟಿಸಿದರೆ ಈಗ ತಾನೇ ಬಂದಿರುವ ಕೀರ್ತಿಗೆ ಧಕ್ಕೆಯಾಗುತ್ತದೆ ಎಂದು ಅವನು ಮುಚ್ಚುಮರೆಯಿಲ್ಲದೆ ತಿಳಿಸಿದನು. ಇಂತಹ ಪುಸ್ತಕಕ್ಕಾಗಿ ಇಪ್ಪತ್ತು ವರ್ಷ ಕಾಯಬೇಕೆಂಬುದು ಅವನ ಸಲಹೆ. ತನ್ನ ಯೌವನದ ಸಂಕಟವನ್ನೇ ತುಂಬಿ ಬರೆದ ಕೃತಿಗೆ ಬಂದ ಈ ತೀರ್ಪನ್ನು ವರ್ನನು ಸಹಿಸಿಕೊಂಡನು. ಹಸ್ತಪ್ರತಿಯನ್ನು ಕಟ್ಟಿಟ್ಟು ಸಾಹಸಯಾತ್ರೆಗಳ ಕಥೆಗಳಿಗೆ ಹಿಂದಿರುಗಿದನು. ಭೂಗರ್ಭಕ್ಕೆ, ಚಂದ್ರನ ಕಡೆಗೆ, ಕಡಲಿನ ಆಳಕ್ಕೆ ಓದುಗರನ್ನು ಕರೆದೊಯ್ದ ಐವತ್ತಕ್ಕೂ ಹೆಚ್ಚು ಕಾದಂಬರಿಗಳು ಆತನ ಲೇಖನಿಯಿಂದ ಹೊರಬಂದು ಲೋಕಪ್ರಸಿದ್ಧವಾದವು. ಇಪ್ಪತ್ತು ವರ್ಷಗಳೂ ಕಳೆದವು. ಆದರೆ ಆ ಹಳೆಯ ಕಟ್ಟು ಬೆಳಕಿಗೆ ಬರಲಿಲ್ಲ.

1905ರ ಮಾರ್ಚ್ 24ರಂದು ವರ್ನನು ಆಮಿಯಾ ಎಂಬ ಪಟ್ಟಣದಲ್ಲಿ ತೀರಿಕೊಂಡನು. ತಂದೆ ಬಿಟ್ಟುಹೋದ ಅಪ್ರಕಟಿತ ಬರಹಗಳ ಪಟ್ಟಿಯಲ್ಲಿ ಮಗನು ಈ ಕಾದಂಬರಿಯ ಹೆಸರನ್ನೂ ಸೇರಿಸಿದ್ದನು. ಆದರೆ ಹಸ್ತಪ್ರತಿ ಮಾತ್ರ ಕಾಣಸಿಗಲಿಲ್ಲ. 1989ರಲ್ಲಿ ವರ್ನನ ಮರಿಮಗನು ಮನೆತನದ ಹಳೆಯ ತಿಜೋರಿಯೊಂದನ್ನು ತೆರೆಯಿಸಿದಾಗ ಅದು ದೊರೆಯಿತು. 1994ರಲ್ಲಿ ಪ್ಯಾರಿಸ್ಸಿನಲ್ಲಿ ಪುಸ್ತಕವು ಅಚ್ಚಾಯಿತು. ವರ್ನನು ಕಲ್ಪಿಸಿದ್ದ ಕಾಲವು ಆ ಹೊತ್ತಿಗೆ ಬಂದುಹೋಗಿ ಮೂರು ದಶಕಗಳೇ ಆಗಿದ್ದವು.

ಪುಸ್ತಕಕ್ಕೆ ಬಹಳ ಬೇಡಿಕೆಯುಂಟಾಯಿತು. ಆದರೆ ಓದಿದವರೆಲ್ಲರ ಅಭಿಪ್ರಾಯ ಒಂದೇ ಆಗಿರಲಿಲ್ಲ. ಅನೇಕರು ಕೃತಿಯಲ್ಲಿ ಹೇಳಿದ್ದ ಯಂತ್ರಗಳನ್ನು ತಮ್ಮ ಸುತ್ತಲಿನ ಯಂತ್ರಗಳೊಡನೆ ಹೋಲಿಸಿ ನೋಡಿ ಬೆರಗಾದರು. ಅನಿಲದಿಂದ ನಡೆಯುವ ಎಂಜಿನು, ಪ್ರತಿಕೃತಿ ಕಳುಹಿಸುವ ತಂತಿಯಂತ್ರ ಮೊದಲಾದವುಗಳ ಪ್ರಯೋಗಗಳು ವರ್ನನ ಕಾಲದಲ್ಲಿಯೇ ನಡೆದಿದ್ದವು. ಅವು ಬೆಳೆದು ಎಲ್ಲಿಗೆ ಮುಟ್ಟಬಹುದೆಂಬುದನ್ನು ಕಂಡುದೇ ಆತನ ಹೆಚ್ಚಳ. ಆದರೂ ಆ ದೃಷ್ಟಿಗೆ ಮಿತಿಯಿತ್ತು: ಲೆಕ್ಕ ಮಾಡುವ ಯಂತ್ರಗಳಿರುವ ಅದೇ ಬ್ಯಾಂಕಿನಲ್ಲಿ ದೊಡ್ಡ ಲೆಕ್ಕದ ಪುಸ್ತಕವನ್ನು ಇನ್ನೂ ಕೈಯಿಂದಲೇ ಬರೆಯುತ್ತಾರೆ!

ಮತ್ತೆ ಕೆಲವು ವಿಮರ್ಶಕರು ಪ್ರಕಾಶಕನ ಪಕ್ಷವನ್ನೇ ಹಿಡಿದರು. ಕಥೆಯಲ್ಲಿ ಕುತೂಹಲ ಕಡಿಮೆ, ಪಾತ್ರಗಳು ಬಾಳುವುದಕ್ಕಿಂತ ಮಾತನಾಡುವುದೇ ಹೆಚ್ಚು, ಎಳೆಯ ಕೈಯ ದೋಷಗಳು ಕಾಣುತ್ತವೆ ಎಂಬುದು ಅವರ ಆಕ್ಷೇಪಣೆ. ಅದರಲ್ಲಿಯೂ ಸತ್ಯವಿಲ್ಲದೆ ಇಲ್ಲ.

ವರ್ನನ ಬಾಳನ್ನು ಬಲ್ಲವರಿಗೆ ಈ ಪುಸ್ತಕವು ಬೇರೊಂದು ವಿಚಾರವನ್ನು ತಿಳಿಸಿತು. ಆತನು ಮೊದಲು ವಿಜ್ಞಾನದಲ್ಲಿ ಪೂರ್ಣ ವಿಶ್ವಾಸವುಳ್ಳವನಾಗಿದ್ದನೆಂದೂ ಮುಪ್ಪಿನಲ್ಲಿ ಮಾತ್ರ ಸಂದೇಹಕ್ಕೆ ಒಳಗಾದನೆಂದೂ ಹಲವರು ನಂಬಿದ್ದರು. 1886ರ ಮಾರ್ಚ್ ತಿಂಗಳಿನಲ್ಲಿ, ಚಿತ್ತಸ್ವಾಸ್ಥ್ಯ ತಪ್ಪಿದ್ದ ತಮ್ಮನ ಮಗನು ಹಾರಿಸಿದ ಗುಂಡಿನಿಂದ ವರ್ನನ ಕಾಲು ಕುಂಟಾಯಿತು. ಅದೇ ತಿಂಗಳು ಹೆಟ್ಜೆಲ್ ತೀರಿಕೊಂಡನು. ಆತನ ಬರಹದಲ್ಲಿ ಕವಿದ ಕತ್ತಲೆಗೆ ಈ ದುಃಖಗಳೇ ಕಾರಣವೆಂದು ಅವರು ಹೇಳುತ್ತಿದ್ದರು. ತಿಜೋರಿಯಿಂದ ಹೊರಬಂದ ಕಾದಂಬರಿ ಆ ಮಾತನ್ನು ತಿದ್ದಿತು. ಯಂತ್ರಗಳ ವೈಭವವನ್ನು ವರ್ಣಿಸಿದ ಆ ಲೇಖನಿಯೇ, ಅವುಗಳ ನಡುವೆ ಕವಿಹೃದಯದ ಹುಡುಗನಿಗೆ ಎಡೆಯೆಲ್ಲಿ ಎಂದು ಮೂವತ್ತೈದನೆಯ ವಯಸ್ಸಿನಲ್ಲಿಯೇ ಕೇಳಿತ್ತು.

ಹ್ಯೂಗೋವಿನ ಹೆಸರನ್ನೇ ಮರೆತ ಪ್ಯಾರಿಸ್ಸನ್ನು ವರ್ನನು ಕಲ್ಪಿಸಿದ್ದನು. ಆದರೆ ನಿಜವಾದ ಪ್ಯಾರಿಸ್ಸಿನಲ್ಲಿ, ಆತನು ಸತ್ತು ಸುಮಾರು ತೊಂಬತ್ತು ವರ್ಷಗಳಾದ ಮೇಲೂ, ಒಮ್ಮೆ ತಿರಸ್ಕೃತವಾಗಿದ್ದ ಆತನ ಪುಸ್ತಕವನ್ನು ಜನರು ಅಂಗಡಿಗಳಲ್ಲಿ ಕೇಳಿ ಕೊಂಡರು. ಆತನ ಊಹೆಗಳಲ್ಲಿ ಎಷ್ಟೋ ನಿಜವಾದವು. ಈ ಒಂದು ಊಹೆ ಮಾತ್ರ ಸುಳ್ಳಾಯಿತು. ಅದನ್ನು ಸುಳ್ಳು ಮಾಡಿದವರು ಓದುಗರು.